ನಾಯಿ ಮೈಯಿಂದ ಉಣ್ಣೆ ಕೀಳೋದು ಹೇಗೆ: ಸೀಮೆಎಣ್ಣೆ ಬೇಡ, ಬೆಂಕಿಕಡ್ಡಿ ಬೇಡ, ಒಂದು ಪ್ಲಕ್ಕರ್ ಸಾಕು

ನಮ್ಮ ನಾಯಿ ಕೆಂಚ ಮನೆಗೆ ಬಂದ ಮೊದಲ ಬೇಸಿಗೆ. ಬೆಳಿಗ್ಗೆ ಕಸ ಗುಡಿಸುವಾಗ ಸೋಫಾ ಪಕ್ಕ ಒಂದು ಹರಳುಬೀಜ ಬಿದ್ದಿತ್ತು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಹರಳುಬೀಜ ಎಲ್ಲಿಂದ ಬರಬೇಕು ಅಂತ ಬಗ್ಗಿ ನೋಡಿದರೆ ಅದಕ್ಕೆ ಕಾಲಿದ್ದವು, ಮೆಲ್ಲಗೆ ಗೋಡೆ ಕಡೆ ಹೊರಟಿತ್ತು. ಹೊಟ್ಟೆ ತುಂಬ ರಕ್ತ ಕುಡಿದು ಊದಿಕೊಂಡ ಹೆಣ್ಣು ಉಣ್ಣೆ. ಲ್ಯಾಟಿನ್ ಭಾಷೆಯಲ್ಲಿ ಉಣ್ಣೆಗೂ ಹರಳಿಗೂ ಒಂದೇ ಹೆಸರಂತೆ, ರಿಸಿನಸ್ ಅಂತ. ಹಳೇ ರೋಮಿನವರಿಗೂ ನನ್ನ ಹಾಗೇ ಆಗಿರಬೇಕು.

ನಮ್ಮೂರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಆ ಕಡೆ ಇದನ್ನು ಉಣುಗು ಅಂತೀವಿ. ಬೇರೆ ಕಡೆ ಉಣ್ಣೆ, ಉಣ್ಣಿ. ಪೆಟ್ ಶಾಪಿನಲ್ಲಿ ಟಿಕ್ಸ್. ಚಿಗಟ ಬೇರೆ, ಅದು ಕೂದಲ ನಡುವೆ ಓಡಾಡುತ್ತದೆ, ನೆಗೆಯುತ್ತದೆ. ಉಣ್ಣೆ ನೆಗೆಯುವುದಿಲ್ಲ, ಹಾರುವುದೂ ಇಲ್ಲ. ಹತ್ತಿತು, ಕಚ್ಚಿತು, ಅಲ್ಲೇ ದಿನಗಟ್ಟಲೆ ಕೂತಿತು, ಅಷ್ಟೇ ಅದರ ಕೆಲಸ.

ಮೊದಲು ಏನು ಮಾಡಬಾರದು ಅಂತ ಹೇಳಿಬಿಡ್ತೀನಿ, ಯಾಕಂದರೆ ಅದನ್ನೆಲ್ಲ ನಾನೇ ಮಾಡಿದ್ದೇನೆ. ಆ ಹರಳುಬೀಜ ಕಂಡ ದಿನವೇ ಕೆಂಚನ ಕಿವಿ ಮಡಿಸಿ ನೋಡಿದೆ, ಒಳಗೆ ನಾಲ್ಕು ಕೂತಿದ್ದವು. ಊರಲ್ಲಿ ದನಗಳಿಗೆ ಮಾಡುತ್ತಿದ್ದದ್ದು ನೆನಪಿತ್ತು. ಹತ್ತಿಯಲ್ಲಿ ಸೀಮೆಎಣ್ಣೆ ಅದ್ದಿ ಒತ್ತಿ ಹಿಡಿದೆ. ಉಣ್ಣೆ ಅಲ್ಲಾಡಲಿಲ್ಲ. ಕೆಂಚ ಮಾತ್ರ ಕಿವಿ ಒದರಿಕೊಂಡು ಮಂಚದ ಕೆಳಗೆ ಹೋದವನು ಸಂಜೆವರೆಗೂ ಬರಲಿಲ್ಲ, ಎರಡು ದಿನ ಬಿಟ್ಟು ಕಿವಿಯ ಒಳಚರ್ಮ ಕೆಂಪಾಗಿ ಸುಲಿಯಿತು. ಡಾಕ್ಟ್ರ ಹತ್ತಿರ ಬೈಸಿಕೊಂಡದ್ದು ಬೇರೆ.

ಸೀಮೆಎಣ್ಣೆ ಆಗಲಿ, ಪೆಟ್ರೋಲ್ ಆಗಲಿ, ವ್ಯಾಸಲಿನ್, ನೈಲ್ ಪಾಲಿಶ್, ಉಪ್ಪುನೀರು, ಆರಿಸಿದ ಬೆಂಕಿಕಡ್ಡಿ, ಊದಿನಕಡ್ಡಿ ಆಗಲಿ, ಎಲ್ಲದರ ಹಿಂದಿನ ಲೆಕ್ಕ ಒಂದೇ: ಹುಳಕ್ಕೆ ಹಿಂಸೆ ಕೊಟ್ಟರೆ ತಾನೇ ಬಿಟ್ಟು ಬರುತ್ತದೆ ಅಂತ. ಅದು ಹಾಗೆ ಬರುವುದಿಲ್ಲ. ಉಣ್ಣೆ ತನ್ನ ಮೂತಿಯನ್ನು ಚರ್ಮದೊಳಗೆ ಚುಚ್ಚಿರುತ್ತದೆ, ಆ ಮೂತಿಯಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ, ಸಾಲದ್ದಕ್ಕೆ ಸುತ್ತಲೂ ಸಿಮೆಂಟಿನಂಥ ಒಂದು ಅಂಟನ್ನೂ ಸುರಿಸಿಕೊಂಡಿರುತ್ತದೆ. ಬೇಕೆಂದರೂ ತಕ್ಷಣ ಬಿಡಿಸಿಕೊಳ್ಳೋಕೆ ಅದಕ್ಕೇ ಆಗಲ್ಲ. ಹಿಂಸೆಯಾದರೆ ಇನ್ನಷ್ಟು ಜೊಲ್ಲನ್ನು ಗಾಯದೊಳಗೇ ಬಿಡಬಹುದು, ರೋಗದ ಕ್ರಿಮಿ ಇರುವುದೇ ಆ ಜೊಲ್ಲಿನಲ್ಲಿ. ಅಂದರೆ ತೆಗೆಯೋಕೆ ಹೋಗಿ ನಾವೇ ಇಂಜೆಕ್ಷನ್ ಕೊಟ್ಟ ಹಾಗೆ.

ಇನ್ನೊಂದು ಅಭ್ಯಾಸ, ಬೆರಳಲ್ಲಿ ಕಿತ್ತು ಉಗುರಿನಲ್ಲಿ ಚಿಟಕ್ ಅನ್ನಿಸುವುದು. ನಮ್ಮಜ್ಜಿ ಜಗಲಿ ಮೇಲೆ ಕೂತು ಕಲ್ಲಲ್ಲಿ ಜಜ್ಜುತ್ತಿದ್ದರು, ಆ ರಕ್ತದ ಚುಕ್ಕೆಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಬೇಡ. ಒಳಗಿನದ್ದೆಲ್ಲ ನಿಮ್ಮ ಕೈಗೆ ಸಿಡಿಯುತ್ತದೆ. ಬೆರಳಲ್ಲಿ ಸಣ್ಣ ಗಾಯ ಇದ್ದರೆ, ಅಥವಾ ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡರೆ ಮುಗೀತು.

ಸರಿ, ಏನು ಬೇಕು? ತುದಿ ಚೂಪಾಗಿರುವ ಒಂದು ಪ್ಲಕ್ಕರ್. ಹುಬ್ಬು ತೀಡೋಕೆ ಬಳಸುವ ಅಗಲ ತುದಿಯದ್ದು ಬೇಡ, ಅದು ಹೊಟ್ಟೆಯನ್ನೇ ಹಿಸುಕುತ್ತದೆ. ಫ್ಯಾನ್ಸಿ ಸ್ಟೋರಿನಲ್ಲಿ ಕೇಳಿ, ಸೂಜಿಯಂಥ ತುದಿಯದ್ದು ಸಿಗುತ್ತದೆ. ಅಥವಾ ಟಿಕ್ ರಿಮೂವರ್ ಅಂತ ಪ್ಲಾಸ್ಟಿಕ್ ಕೊಕ್ಕೆ ಬರುತ್ತದೆ, ಸುತ್ತಿಗೆಯ ಹಿಂಭಾಗದ ಹಾಗೆ ಸೀಳು ಇರುತ್ತದಲ್ಲ, ಆ ಥರದ್ದು. ಆನ್‌ಲೈನಿನಲ್ಲೂ ಸಿಗುತ್ತದೆ. ಗ್ಲೌಸ್ ಒಂದು ಜೊತೆ. ಮುಚ್ಚಳ ಇರುವ ಸಣ್ಣ ಬಾಟಲಿಯಲ್ಲಿ ಅರ್ಧ ಸರ್ಜಿಕಲ್ ಸ್ಪಿರಿಟ್. ಗಾಯಕ್ಕೆ ಬೆಟಾಡಿನ್, ಹತ್ತಿ. ಟಾರ್ಚ್, ಮೊಬೈಲಿನದ್ದೇ ಸಾಕು, ಆದರೆ ಅದನ್ನು ಹಿಡಿಯೋಕೆ ಇನ್ನೊಬ್ಬರು ಇದ್ದರೆ ನಿಮ್ಮ ಎರಡೂ ಕೈ ಖಾಲಿ ಇರುತ್ತವೆ. ಮತ್ತೆ ಒಂದು ತಟ್ಟೆ ಮೊಸರು.

ಮೊಸರು ನಾಯಿಗೆ. ಕೆಂಚ ತಟ್ಟೆ ನೆಕ್ಕುತ್ತಾ ಇರುವಷ್ಟು ಹೊತ್ತು ಏನು ಮಾಡಿದರೂ ಸುಮ್ಮನಿರುತ್ತಾನೆ. ನಿಮ್ಮ ನಾಯಿಗೆ ಮೊಸರು ಆಗದಿದ್ದರೆ ಬೇಯಿಸಿದ ಚಿಕನ್ ತುಂಡು ಒಂದೊಂದೇ ಕೊಡಿ. ಓಡಾಡಿ ಸುಸ್ತಾದ ಮೇಲೆ, ರಾತ್ರಿ ಊಟ ಆಗಿ ಮಗ್ಗುಲಾದಾಗ ಕೂರಿ. ಎಷ್ಟೇ ಸಾಧು ನಾಯಿಯಾದರೂ ನೋವಾದರೆ ಬಾಯಿ ಹಾಕುತ್ತದೆ, ಅದು ಅದರ ತಪ್ಪಲ್ಲ. ಕಚ್ಚುವ ನಾಯಿಯಾದರೆ ಉಸಿರಾಡೋಕೆ ಜಾಗ ಇರುವ ಬಾಸ್ಕೆಟ್ ಥರದ ಮಜಲ್ ಹಾಕಿ. ದುಪಟ್ಟಾದಲ್ಲಿ ಬಾಯಿ ಬಿಗಿಯಾಗಿ ಕಟ್ಟಿ ಅರ್ಧ ಗಂಟೆ ಕೂರಿಸಬೇಡಿ. ನಾಯಿ ಸೆಕೆ ಕಳೆಯುವುದೇ ಬಾಯಿ ತೆರೆದು ತೇಕುವುದರಿಂದ.

ಹುಡುಕೋದು ಎಲ್ಲಿ? ಕಿವಿಯಿಂದ ಶುರು ಮಾಡಿ: ಒಳಗೆ, ಅಂಚಿನಲ್ಲಿ, ಕಿವಿಯ ಬುಡದಲ್ಲಿ ಜೇಬಿನಂಥ ಒಂದು ಮಡಿಕೆ ಇರುತ್ತದಲ್ಲ, ಅದರೊಳಗೆ. ಆಮೇಲೆ ಕಾಲರ್ ತೆಗೆದು ಕುತ್ತಿಗೆ ಸುತ್ತ, ಕಂಕುಳು, ತೊಡೆಸಂದಿ, ಬಾಲದ ಕೆಳಗೆ. ಕಾಲ್ಬೆರಳ ಸಂದಿಯನ್ನು ಮಾತ್ರ ಒಂದೊಂದಾಗಿ ಬಿಡಿಸಿ ನೋಡಿ, ಜಾಸ್ತಿ ಜನ ಬಿಡುವುದೇ ಅಲ್ಲಿ. ನಾಯಿ ಪದೇ ಪದೇ ಪಾದ ನೆಕ್ಕುತ್ತಿದ್ದರೆ ಅಲ್ಲೇ ಇರುತ್ತದೆ ಅಂತಿಟ್ಟುಕೊಳ್ಳಿ. ಕಣ್ಣಿಗಿಂತ ಬೆರಳ ತುದಿಗೆ ಬೇಗ ಗೊತ್ತಾಗುತ್ತದೆ, ಕೂದಲಿಗೆ ಎದುರಾಗಿ ಮೆಲ್ಲಗೆ ಸವರುತ್ತಾ ಹೋದರೆ ಸಾಸಿವೆಯಷ್ಟು ಸಣ್ಣದೂ ತಾಗುತ್ತದೆ.

ತಾಗಿದ್ದೆಲ್ಲ ಉಣ್ಣೆ ಅಲ್ಲ ಅನ್ನೋದು ಮಾತ್ರ ನೆನಪಿರಲಿ. ಪಕ್ಕದ ಮನೆ ಹುಡುಗ ಒಮ್ಮೆ ಸಹಾಯಕ್ಕೆ ಬಂದವನು ಕೆಂಚನ ಹೊಟ್ಟೆ ಕೆಳಗೆ ಒಂದು ಗಟ್ಟಿ ಉಣ್ಣೆ ಸಿಕ್ಕಿದೆ, ಬರ್ತಾನೇ ಇಲ್ಲ ಅಂತ ಎಳೀತಾ ಇದ್ದ. ಅದು ಮೊಲೆತೊಟ್ಟು. ಗಂಡು ನಾಯಿಗೂ ಇರುತ್ತದೆ, ಎರಡು ಸಾಲು. ಕೆಂಚ ಆ ಹುಡುಗನನ್ನು ಇವತ್ತಿಗೂ ನಂಬಲ್ಲ. ಅನುಮಾನ ಬಂದರೆ ಟಾರ್ಚ್ ಹಿಡಿದು ಬುಡ ನೋಡಿ. ಉಣ್ಣೆಯಾದರೆ ಚರ್ಮದ ಹತ್ತಿರ ಕಾಲುಗಳು ಕಾಣುತ್ತವೆ. ಮೊಲೆತೊಟ್ಟು, ನರಹುಲಿ ಇವೆಲ್ಲ ಚರ್ಮದ ಮುಂದುವರಿಕೆ, ಕಾಲು ಇರಲ್ಲ.

ಈಗ ಕೀಳುವುದು. ಕೂದಲನ್ನು ಎರಡೂ ಕಡೆಗೆ ಬೈತಲೆ ತೆಗೆದ ಹಾಗೆ ಬಿಡಿಸಿ. ಒದ್ದೆ ಹತ್ತಿಯಿಂದ ಒರೆಸಿದರೆ ಕೂದಲು ಅಲ್ಲೇ ಕೂರುತ್ತದೆ. ಎಡಗೈಯಿಂದ ಸುತ್ತಲಿನ ಚರ್ಮವನ್ನು ಸ್ವಲ್ಪ ಬಿಗಿ ಹಿಡಿಯಿರಿ. ಪ್ಲಕ್ಕರನ್ನು ಚರ್ಮಕ್ಕೆ ಒರಗಿಸಿಕೊಂಡೇ ತಂದು, ಉಣ್ಣೆಯ ಹೊಟ್ಟೆಯನ್ನಲ್ಲ, ಅದು ಚರ್ಮದೊಳಗೆ ಹೊಕ್ಕಿರುವ ಜಾಗವನ್ನು, ಅಂದರೆ ಮೂತಿಯ ಬುಡವನ್ನು ಹಿಡಿಯಬೇಕು. ಮೊದಮೊದಲು ಇದು ಸಿಗಲ್ಲ, ಜಾರುತ್ತದೆ. ಪರವಾಗಿಲ್ಲ, ಬಿಟ್ಟು ಇನ್ನೊಮ್ಮೆ ಹಿಡಿಯಿರಿ. ಹಿಡಿತ ಸಿಕ್ಕಿದ ಮೇಲೆ ನೇರ ಮೇಲಕ್ಕೆ, ಒಂದೇ ಸಮನಾಗಿ, ನಿಧಾನವಾಗಿ ಎಳೆಯಿರಿ. ಜಗ್ಗಬೇಡಿ, ತಿರುಚಬೇಡಿ. ಚರ್ಮ ಸಣ್ಣ ಗುಡಾರದ ಹಾಗೆ ಮೇಲೇಳುತ್ತದೆ, ಆಗ ಭಯಪಟ್ಟು ಬಿಡಬೇಡಿ, ಅದೇ ಬಿಗಿಯಲ್ಲಿ ಒಂದೆರಡು ಉಸಿರು ತಡೆದು ಹಿಡಿದಿರಿ. ಅದು ಸೋಲುವುದು ಆ ಕ್ಷಣದಲ್ಲೇ. ಟಪ್ ಅಂತ ಬಿಡುವುದು ಬೆರಳಿಗೆ ಗೊತ್ತಾಗುತ್ತದೆ, ಗುಡಾರ ಇಳಿಯುತ್ತದೆ, ಪ್ಲಕ್ಕರ್ ತುದಿಯಲ್ಲಿ ಕಾಲು ಆಡಿಸುತ್ತಾ ಉಣ್ಣೆ ಇರುತ್ತದೆ. ಕೆಲವೊಮ್ಮೆ ಮೂತಿಗೆ ಒಂದು ಚೂರು ಬಿಳಿ ಹೊಟ್ಟಿನಂಥದ್ದು ಅಂಟಿಕೊಂಡು ಬರುತ್ತದೆ. ಅದು ಆಗ ಹೇಳಿದ ಆ ಅಂಟು, ಜೊತೆಗೆ ಸ್ವಲ್ಪ ಚರ್ಮದ ಪದರ. ಪೂರ್ತಿ ಬಂದಿದೆ ಅಂತ ಅರ್ಥ.

ಕೊಕ್ಕೆ ಬಳಸುವುದಾದರೆ ರೀತಿ ಬೇರೆ. ಸೀಳನ್ನು ಚರ್ಮಕ್ಕೆ ತಾಗಿಸಿ ಉಣ್ಣೆಯ ಕೆಳಗೆ ಜಾರಿಸಿ, ಎಳೆಯದೆ ಒಂದೇ ದಿಕ್ಕಿಗೆ ಮೆಲ್ಲಗೆ ತಿರುಗಿಸಿದರೆ ಎರಡು ಮೂರು ಸುತ್ತಿಗೆ ಬಿಡಿಸಿಕೊಂಡು ಬರುತ್ತದೆ. ಪ್ಲಕ್ಕರಿಗೆ ಎಳೆಯುವುದು, ಕೊಕ್ಕೆಗೆ ತಿರುಗಿಸುವುದು. ಎರಡನ್ನೂ ಕಲಸಿಕೊಂಡವರೇ ತಲೆ ಮುರಿಯೋದು. ಊದಿದ ದೊಡ್ಡ ಉಣ್ಣೆಗೆ ನನಗೆ ಕೊಕ್ಕೆ ಇಷ್ಟ, ಹೊಟ್ಟೆ ಒತ್ತುವುದಿಲ್ಲ. ಸಣ್ಣ ಮರಿ ಉಣ್ಣೆಗಳಿಗೆ ಪ್ಲಕ್ಕರೇ ಸರಿ.

ಮೂತಿ ಒಳಗೇ ಮುರಿದರೆ? ಮುರಿಯುತ್ತದೆ, ಎಲ್ಲರಿಗೂ ಒಂದಲ್ಲ ಒಂದು ಸಲ ಆಗುತ್ತದೆ. ಚರ್ಮದಲ್ಲಿ ಕರಿ ಚುಕ್ಕೆ ಕಾಣುತ್ತದೆ. ಸುಲಭವಾಗಿ ಹಿಡಿತಕ್ಕೆ ಸಿಕ್ಕರೆ ತೆಗೆಯಿರಿ, ಇಲ್ಲಾಂದ್ರೆ ಬಿಟ್ಟುಬಿಡಿ. ಸೂಜಿ ಕಾಯಿಸಿ ಅಗೆಯೋಕೆ ಹೋಗಬೇಡಿ. ಮುಳ್ಳು ಹೊರಬರುವ ಹಾಗೆ ಚರ್ಮವೇ ಅದನ್ನು ಕೆಲವು ದಿನದಲ್ಲಿ ಹೊರದಬ್ಬುತ್ತದೆ. ಅಲ್ಲಿ ಕಾಳಿನಷ್ಟು ಗಂಟು ಒಂದೆರಡು ವಾರ ಇರಬಹುದು. ಗಂಟು ದೊಡ್ಡದಾಗುತ್ತಾ ಹೋದರೆ, ಕೀವು ಬಂದರೆ, ಬಿಸಿ ಅನ್ನಿಸಿದರೆ ಡಾಕ್ಟ್ರಿಗೆ ತೋರಿಸಿ.

ಕಿತ್ತದ್ದನ್ನು ನೇರ ಸ್ಪಿರಿಟ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಬರೀ ನೀರಿಗೆ ಹಾಕಿದರೆ ಬೇಗ ಸಾಯೋದಿಲ್ಲ. ಸ್ಪಿರಿಟ್ ಇಲ್ಲದಿದ್ದರೆ ಸೆಲ್ಲೋಟೇಪಿನಲ್ಲಿ ಎರಡೂ ಕಡೆಯಿಂದ ಅಂಟಿಸಿ ಬಿಸಾಕಿ. ಗಾಯಕ್ಕೆ ಬೆಟಾಡಿನ್ ಸವರಿ, ನಾಯಿ ನೆಕ್ಕದ ಹಾಗೆ ಐದು ನಿಮಿಷ ನೋಡಿಕೊಳ್ಳಿ. ಪ್ಲಕ್ಕರಿಗೂ ಸ್ಪಿರಿಟ್. ಗ್ಲೌಸ್ ತೆಗೆದ ಮೇಲೂ ಸೋಪು ಹಾಕಿ ಕೈ ತೊಳೆಯಿರಿ.

ಮನೆಯಲ್ಲೇ ತೆಗೆಯಬಾರದ ಸಂದರ್ಭವೂ ಇದೆ. ಕಣ್ಣಿನ ರೆಪ್ಪೆ ಅಂಚು, ಕಿವಿಯ ತೂತಿನೊಳಗೆ ಆಳದಲ್ಲಿ, ಇವಕ್ಕೆ ಕೈ ಹಾಕಬೇಡಿ. ಮೈತುಂಬ ನೂರಾರು ಇದ್ದರೂ ಒಂದೊಂದೇ ಕೀಳುತ್ತಾ ಕೂರುವುದರಲ್ಲಿ ಅರ್ಥ ಇಲ್ಲ, ನಾಯಿಗೂ ಹಿಂಸೆ. ಬೀದಿಯಿಂದ ಎತ್ತಿಕೊಂಡು ಬಂದ ಮರಿಗಳಲ್ಲಿ ಹೀಗಿರುತ್ತದೆ. ಸಣ್ಣ ಮರಿಗೆ ಅಷ್ಟು ಉಣ್ಣೆ ರಕ್ತ ಹೀರಿದರೆ ರಕ್ತಹೀನತೆಯಿಂದಲೇ ಸಾಯಬಹುದು. ತುಟಿ ಎತ್ತಿ ಒಸಡು ನೋಡಿ, ಬೆಳ್ಳಗಿದ್ದರೆ ಅವತ್ತೇ ಆಸ್ಪತ್ರೆ.

ಒಸಡಿನ ಮಾತು ಬಂತಲ್ಲ, ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. ಉಣ್ಣೆ ಹೋಯಿತು ಅಂದರೆ ಕಥೆ ಮುಗಿಯಿತು ಅಂತಲ್ಲ. ನಮ್ಮ ಕಡೆ ನಾಯಿಗಳಲ್ಲಿ ಕಾಣುವ ಕಂದು ಬಣ್ಣದ ಉಣ್ಣೆ ಎರ್ಲಿಕಿಯಾ, ಬೆಬೀಸಿಯಾ ಅನ್ನುವ ಕಾಯಿಲೆಗಳನ್ನು ಹರಡುತ್ತದೆ. ಜನ ಟಿಕ್ ಫೀವರ್ ಅನ್ನೋದು ಇವಕ್ಕೇ. ಕಚ್ಚಿದ ಕೆಲವೇ ಗಂಟೆಗಳಲ್ಲಿ ಕ್ರಿಮಿ ದಾಟಬಹುದು, ಅದಕ್ಕೇ ಭಾನುವಾರ ತೆಗೆದರಾಯಿತು ಅಂತ ಬಿಡದೆ ಕಂಡ ದಿನವೇ ತೆಗೆಯಿರಿ ಅನ್ನೋದು. ಆದರೆ ಲಕ್ಷಣ ಕಾಣೋದು ಎಷ್ಟೋ ಸಲ ಒಂದು, ಎರಡು, ಮೂರು ವಾರ ಕಳೆದ ಮೇಲೆ. ಕೆಂಚ ಆ ವರ್ಷ ಮಳೆಗಾಲದಲ್ಲಿ ಎರಡು ದಿನ ಊಟ ಬಿಟ್ಟ. ಬಿಸಿಲು ಕಮ್ಮಿಯಾಗಿದೆ, ಸುಮ್ನೆ ಸೋಮಾರಿತನ ಅಂದುಕೊಂಡೆ. ಮೂರನೇ ದಿನ ಮೂಗಿನಿಂದ ರಕ್ತ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ತೀರಾ ಇಳಿದಿತ್ತು, ಎರ್ಲಿಕಿಯಾ. ನಾಲ್ಕು ವಾರ ಡಾಕ್ಸಿಸೈಕ್ಲಿನ್ ಮಾತ್ರೆ ನುಂಗಿಸಿದೆವು, ಉಳಿದ. ಅವತ್ತಿನಿಂದ ಉಣ್ಣೆ ತೆಗೆದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ, ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ, ಎಷ್ಟು ಸಿಕ್ಕವು ಅನ್ನುವುದರ ಜೊತೆಗೆ. ಆಮೇಲೆ ಒಂದು ತಿಂಗಳು ಊಟ, ಚುರುಕು, ಒಸಡಿನ ಬಣ್ಣ ನೋಡಿಕೊಳ್ಳುವುದು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ ಎದ್ದರೆ, ಜ್ವರ ಬಂದರೆ ತಡ ಮಾಡಬೇಡಿ, ಉಣ್ಣೆ ಕಚ್ಚಿತ್ತು ಅಂತ ಡಾಕ್ಟ್ರಿಗೆ ನೀವಾಗೇ ಹೇಳಿ. ಜ್ವರ ಅಂತ ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ, ನಾಯಿಗೆ ಅವು ವಿಷವಾಗಬಹುದು.

ಮತ್ತೆ ಮತ್ತೆ ಹತ್ತದ ಹಾಗೆ ಔಷಧಿ ಬೇಕೇ ಬೇಕು, ಬರೀ ಪ್ಲಕ್ಕರ್ ನಂಬಿಕೊಂಡು ಗೆಲ್ಲೋಕಾಗಲ್ಲ. ಮೂರು ಥರ ಸಿಗುತ್ತದೆ. ತಿನ್ನಿಸುವ ಮಾತ್ರೆಗಳಲ್ಲಿ ನೆಕ್ಸ್‌ಗಾರ್ಡ್, ಸಿಂಪಾರಿಕಾ ತಿಂಗಳಿಗೊಂದು, ಬ್ರಾವೆಕ್ಟೊ ಸುಮಾರು ಮೂರು ತಿಂಗಳಿಗೊಂದು. ಕುತ್ತಿಗೆ ಹಿಂದೆ ಚರ್ಮಕ್ಕೆ ಬಿಡುವ ಫಿಪ್ರೊನಿಲ್ ಹನಿ. ಆಮೇಲೆ ಕಾಲರ್. ಮಾತ್ರೆ ಕೊಟ್ಟ ಮೇಲೂ ಮೈಮೇಲೆ ಉಣ್ಣೆ ಕಂಡು ಔಷಧಿ ಡೂಪ್ಲಿಕೇಟ್ ಅಂತ ಬೈಯುವವರಿದ್ದಾರೆ. ಆ ಮಾತ್ರೆ ಉಣ್ಣೆ ಹತ್ತುವುದನ್ನು ತಡೆಯುವುದಿಲ್ಲ, ಕಚ್ಚಿ ರಕ್ತ ಕುಡಿದ ಮೇಲೆ ಕೊಲ್ಲುತ್ತದೆ. ಒಣಗಿ ಚಪ್ಪಟೆಯಾದದ್ದು ಸಿಕ್ಕರೆ ಔಷಧಿ ಕೆಲಸ ಮಾಡುತ್ತಿದೆ ಅಂತ ತಿಳಿಯಿರಿ. ಮಾತ್ರೆ ನಾಯಿಯ ತೂಕದ ಮೇಲೆ ಹೋಗುತ್ತದೆ, ದೊಡ್ಡ ನಾಯಿಯದ್ದನ್ನು ತಂದು ಮುರಿದು ಎರಡು ಮರಿಗೆ ಹಂಚಬೇಡಿ. ಹಿಂದೆ ಫಿಟ್ಸ್ ಬಂದಿರುವ ನಾಯಿಯಾದರೆ ಮೊದಲೇ ಡಾಕ್ಟ್ರಿಗೆ ತಿಳಿಸಿ. ಎಂಟು ವಾರದೊಳಗಿನ ಮರಿಗೆ ಇವ್ಯಾವುದೂ ಬೇಡ, ಪ್ಲಕ್ಕರಿನಲ್ಲೇ ತೆಗೆಯಿರಿ.

ಹಳ್ಳಿ ಕಡೆ ದನಕ್ಕೆ ತಂದ ಔಷಧಿಯನ್ನೇ ಬಕೆಟಿಗೆ ಒಂದು ಮುಚ್ಚಳ ಸುರಿದು ನಾಯಿಗೂ ಹೊಯ್ದುಬಿಡುತ್ತಾರೆ. ಅಮಿಟ್ರಾಜ್, ಡೆಲ್ಟಾಮೆಥ್ರಿನ್ ಇವೆಲ್ಲ ಅಳತೆ ತಪ್ಪಿದರೆ, ನಾಯಿ ನೆಕ್ಕಿಕೊಂಡರೆ ನಡುಕ, ವಾಂತಿ, ಇನ್ನೂ ಕೆಟ್ಟದ್ದೂ ಆಗುತ್ತದೆ. ಅಂದಾಜಿನ ಮೇಲೆ ಐವರ್ಮೆಕ್ಟಿನ್ ಇಂಜೆಕ್ಷನ್ ಹಾಕಿಸುವುದೂ ಬೇಡ, ಕೋಲಿಯಂಥ ಕೆಲವು ತಳಿಗಳಿಗೆ ಅದು ಜೀವಕ್ಕೇ ಬರುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಹುಷಾರು. ನಾಯಿಗೆ ಹಾಕುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಬೇವಿನೆಣ್ಣೆ ಬಗ್ಗೆ ಕೇಳ್ತಾರೆ. ನಾನು ಒಂದು ತಿಂಗಳು ಹಚ್ಚಿ ನೋಡಿದೆ, ಮನೆಯೆಲ್ಲ ಬೇವಿನ ವಾಸನೆ, ಉಣ್ಣೆ ಇದ್ದ ಹಾಗೇ ಇದ್ದವು.

ಇನ್ನು ಮನೆ. ಆ ಹರಳುಬೀಜ ಗೋಡೆ ಕಡೆ ಹೊರಟಿತ್ತು ಅಂದೆನಲ್ಲ, ಅದು ಹೊರಟದ್ದು ಮೊಟ್ಟೆ ಇಡೋಕೆ. ಹೊಟ್ಟೆ ತುಂಬಿದ ಹೆಣ್ಣು ನಾಯಿಯಿಂದ ಉದುರಿ, ಗೋಡೆ ಬಿರುಕು, ಬಾಗಿಲ ಚೌಕಟ್ಟಿನ ಸಂದಿ, ಮಂಚದ ಕೀಲು, ಗೋಣಿಚೀಲದ ಮಡಿಕೆ ಇಂಥ ಕಡೆ ಸೇರಿಕೊಂಡು ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ. ಮರಿಗೆ ಆರು ಕಾಲು, ಗಸಗಸೆಯಷ್ಟು ಗಾತ್ರ. ಈ ಜಾತಿಗೆ ಕಾಡು, ಹುಲ್ಲು ಏನೂ ಬೇಡ, ಮೂರನೇ ಮಹಡಿ ಫ್ಲ್ಯಾಟಿನಲ್ಲೂ ಸಂಸಾರ ಹೂಡುತ್ತದೆ, ಊಟ ಇಲ್ಲದೆ ತಿಂಗಳುಗಟ್ಟಲೆ ಕಾಯುತ್ತದೆ. ನಾಯಿ ಮೈಮೇಲೆ ನಾಲ್ಕು ಕಂಡರೆ ಅದರ ಎಷ್ಟೋ ಪಟ್ಟು ಮನೆಯಲ್ಲಿರುತ್ತವೆ. ಇದು ಗೊತ್ತಾಗೋಕೆ ನನಗೆ ಒಂದು ವರ್ಷ ಬೇಕಾಯಿತು. ದಿನಾ ಕಿತ್ತು ಬಾಟಲಿ ತುಂಬಿಸುತ್ತಿದ್ದೆ, ಮಾರನೇ ದಿನ ಮತ್ತೆ ಅಷ್ಟೇ.

ಇವು ಮೇಲಕ್ಕೆ ಹತ್ತುತ್ತವೆ, ಹಾಗಾಗಿ ನೆಲ ಒರೆಸಿದರೆ ಸಾಲದು. ರಾತ್ರಿ ಟಾರ್ಚ್ ಹಿಡಿದು ನಾಯಿ ಮಲಗುವ ಜಾಗದ ಸುತ್ತಲಿನ ಗೋಡೆ, ಪರದೆಯ ಮಡಿಕೆ, ಚಾವಣಿ ಮೂಲೆ ನೋಡಿ. ಬಿರುಕುಗಳಿಗೆ ವೈಟ್ ಸಿಮೆಂಟ್ ತುಂಬಿ. ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ ಕುದಿಯುವ ನೀರಲ್ಲಿ ನೆನೆಸಿ ಬಿಸಿಲಿಗೆ ಹಾಕಿ, ಗೋಣಿಚೀಲ ಹಾಸುವುದನ್ನೇ ಬಿಡಿ. ವ್ಯಾಕ್ಯೂಮ್ ಇದ್ದರೆ ಮೂಲೆ ಮೂಲೆ ಎಳೆದು ಅದರ ಚೀಲವನ್ನು ಕಟ್ಟಿ ಹೊರಗೆ ಹಾಕಿ. ತುಂಬ ಜಾಸ್ತಿ ಆಗಿದ್ದರೆ ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿ, ಸಿಂಪಡಿಸಿದ ದಿನ ನಾಯಿಯನ್ನು ಬೇರೆ ಕಡೆ ಇಡಿ. ಒಂದು ಸಲ ಹೊಡೆಸಿದರೆ ಸಾಲಲ್ಲ, ಮೊಟ್ಟೆಗಳು ಉಳಿದಿರುತ್ತವೆ, ಮರಿ ಒಡೆದ ಮೇಲೆ ಇನ್ನೊಮ್ಮೆ ಹೊಡೆಸಬೇಕು. ನಾಯಿಯ ಔಷಧಿಯನ್ನು ಮಾತ್ರ ನಡುವೆ ನಿಲ್ಲಿಸಬೇಡಿ, ಮನೆಯ ಉಣ್ಣೆಗಳಿಗೆ ಊಟ ಅಂದರೆ ಅವನೇ. ಹಸಿದು ಬಂದವು ಅವನನ್ನೇ ಕಚ್ಚಿ ಸಾಯುತ್ತಾ ಹೋಗಬೇಕು. ನಮ್ಮ ಮನೆಯಲ್ಲಿ ಪೂರ್ತಿ ಸೊನ್ನೆಗೆ ಬರೋಕೆ ಐದು ತಿಂಗಳು ಹಿಡಿಯಿತು, ಕ್ಯಾಲೆಂಡರಿನಲ್ಲಿದೆ.

ಮಲೆನಾಡಿನವರಿಗೆ ಒಂದು ಮಾತು. ಮಂಗನ ಕಾಯಿಲೆ ಹರಡುವ ಉಣುಗು ಬೇರೆ ಜಾತಿ, ಕಾಡಿನದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆ ಮಂಗಗಳು ಸಾಯೋಕೆ ಶುರುವಾದಾಗ ಗೊತ್ತಾದ ಕಾಯಿಲೆ ಅದು, ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ ಅದರ ಕಾಲ. ನಾಯಿ ಬೆಟ್ಟ, ದರಕಿನ ಕಾಡು ಸುತ್ತಿ ಬಂದಾಗ ಮೈಮೇಲೆ ಯಾವ ಜಾತಿಯದ್ದನ್ನು ಹೊತ್ತು ತಂದಿದೆ ಅಂತ ಬರಿಗಣ್ಣಿಗೆ ಹೇಳೋಕಾಗಲ್ಲ. ಆದ್ದರಿಂದ ಅಲ್ಲಿ ಗ್ಲೌಸ್ ಇಲ್ಲದೆ ಕೈ ಹಾಕಲೇಬೇಡಿ, ಜಜ್ಜಬೇಡಿ, ಆಮೇಲೆ ನಿಮ್ಮ ಮೈಯನ್ನೂ ಒಮ್ಮೆ ನೋಡಿಕೊಳ್ಳಿ. ಕಾಡಿಗೆ ಹೋಗಿ ಬಂದವರಿಗೆ ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ಆಸ್ಪತ್ರೆಯಲ್ಲಿ ಉಣುಗಿನ ವಿಷಯ ಬಾಯಿಬಿಟ್ಟು ಹೇಳಿ.

ಈಗ ಕೆಂಚನನ್ನು ಊರಿಗೆ ಕರೆದುಕೊಂಡು ಹೋಗುವ ಮೊದಲೇ ಮಾತ್ರೆ ಕೊಟ್ಟಿರುತ್ತೇನೆ. ವಾಪಸ್ ಬಂದ ರಾತ್ರಿ, ಎಷ್ಟೇ ಸುಸ್ತಾಗಿದ್ದರೂ, ಬ್ಯಾಗ್ ಬಿಚ್ಚುವ ಮೊದಲು ಬಾಗಿಲ ಹೊರಗಿನ ಮೆಟ್ಟಿಲ ಮೇಲೆಯೇ ಅವನ ಕಿವಿ, ಕಂಕುಳು, ಹದಿನೆಂಟು ಬೆರಳು ನೋಡುತ್ತೇನೆ. ಟಾರ್ಚ್ ಹಚ್ಚಿದ ಕೂಡಲೇ ಅವನು ತಾನಾಗೇ ಮಗ್ಗುಲಾಗಿ ಅಡುಗೆಮನೆ ಕಡೆ ನೋಡುತ್ತಾನೆ, ಮೊಸರು ಎಲ್ಲಿ ಅಂತ.